‘ಜೆರುಸಲೇಮಿನ ಪಲ್ಲೆಹೂವು’: ಒಂದು ಶಬ್ದವಿಚಾರ

ಕನ್ನಡದಲ್ಲಿ ಶಾಸ್ತ್ರಸಾಹಿತ್ಯವು ಹುಟ್ಟಬೇಕೆಂದು ನಾವೆಲ್ಲರೂ ಬಹುಕಾಲದಿಂದ ಹೇಳುತ್ತ ಬಂದಿರುವೆವು. ಅದು ಈಗ ಹುಟ್ಟುತ್ತಲೂ ಇದೆ. ಸಸ್ಯ, ಆಹಾರ, ಆರೋಗ್ಯ ಮೊದಲಾದ ವಿಷಯಗಳಲ್ಲಿ ಪರದೇಶಗಳ ಸಂಶೋಧನೆಯನ್ನು ಕನ್ನಡಕ್ಕೆ ತರುವ ಬರಹಗಳಿಗೆ ಇಂದು ಕೊರತೆಯಿಲ್ಲ. ಆದರೆ ಕಾವ್ಯದ ಒಂದು ಪಾಠಾಂತರಕ್ಕಾಗಿ ಪುಟಗಟ್ಟಲೆ ವಾದಿಸುವ ನಾವು ಇಂತಹ ಬರಹಗಳ ಭಾಷೆಯನ್ನು ವಿಮರ್ಶೆಗೆ ಯೋಗ್ಯವೆಂದೇ ಎಣಿಸಿದವರಲ್ಲ. ಕಾವ್ಯದಲ್ಲಿ ಪದವು ಕೆಟ್ಟರೆ ರಸಕ್ಕೆ ಹಾನಿ. ಇಲ್ಲಿ ಪದವು ಕೆಟ್ಟರೆ ಓದಿದವನ ದೇಹಕ್ಕೇ ಹಾನಿ. ಈಚೆಗೆ ಕೈಗೆ ಸಿಕ್ಕಿದ ಒಂದು ಸಣ್ಣ ಬರಹವನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿದ್ವಾಂಸರ ಗಮನಕ್ಕೆ ತರಲು ಯತ್ನಿಸುತ್ತೇನೆ.

ಹಮ್ಮಿಗಿಯು ಮುಂಡರಗಿ ತಾಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿರುವ ಗ್ರಾಮ. ಸಿಂಗಟಾಲೂರು ಏತನೀರಾವರಿ ಯೋಜನೆಯ ಅಡ್ಡಗಟ್ಟೆಯಿರುವುದು ಇಲ್ಲಿಯೇ. ಆ ಊರಿನಲ್ಲಿ ನನಗೆ ಬಹುಕಾಲದ ಪರಿಚಿತರಾದ ಒಬ್ಬ ನಿವೃತ್ತ ಉಪಾಧ್ಯಾಯರಿರುವರು. ಮಧುಮೇಹದ ನಿಮಿತ್ತ ಅವರು ದಿನವೂ ಇನ್ಸುಲಿನ್ ಚುಚ್ಚುಮದ್ದನ್ನು ತೆಗೆದುಕೊಳ್ಳತಕ್ಕವರು. ಕಳೆದ ಮಾಗಿಯಲ್ಲಿ ನಾನು ಅವರಲ್ಲಿಗೆ ಹೋದಾಗ ಎರಡು ಹಾಳೆಗಳ ಒಂದು ಮುದ್ರಿತ ಪತ್ರವನ್ನು ನನ್ನ ಕೈಗಿತ್ತರು. ಅದರಲ್ಲಿ ‘ಜೆರುಸಲೇಮಿನ ಪಲ್ಲೆಹೂವು’ ಎಂಬೊಂದು ಗೆಡ್ಡೆಯ ವರ್ಣನೆಯಿದ್ದಿತು. ಇದು ಪುಣ್ಯಭೂಮಿಯಾದ ಜೆರುಸಲೇಮಿನಿಂದ ಬಂದುದೆಂದೂ, ನಮ್ಮ ಪ್ರಾಚೀನ ನಿಘಂಟುಗಳ ‘ಸುವರ್ಚಲಾ’ ಎಂಬುದು ಇದುವೇ ಎಂದೂ, ಇದರಲ್ಲಿ ‘ಇನ್ಸುಲಿನ್’ ಹೇರಳವಾಗಿರುವುದರಿಂದ ಮಧುಮೇಹಿಗಳಿಗೆ ಬೇರೆ ಔಷಧದ ಅಗತ್ಯವಿಲ್ಲವೆಂದೂ, ನದೀತೀರದ ಭೂಮಿಯಲ್ಲಿ ಇದು ಅನಾಯಾಸವಾಗಿ ಬೆಳೆಯುವುದೆಂದೂ ಆ ಪತ್ರವು ಹೇಳುತ್ತಿದ್ದಿತು. ಲೇಖಕರ ಹೆಸರು ಅದರಲ್ಲಿರಲಿಲ್ಲ. ‘ಶಾಸ್ತ್ರಿಗಳೇ, ನಿಘಂಟಿನ ಮಾತು ನಿಜವೇ? ನಿಜವಾದರೆ ನಾಳೆಯಿಂದ ಸೂಜಿಯನ್ನು ಬಿಡಬಹುದೇ?’ ಎಂದು ಉಪಾಧ್ಯಾಯರು ಕೇಳಿದರು. ಎರಡನೆಯ ಪ್ರಶ್ನೆಯು ಮೊದಲನೆಯದರ ಬೆನ್ನಿಗೇ ಬಂದುದು ನನ್ನನ್ನು ಬೆಚ್ಚಿಸಿತು. ನಿಘಂಟಿನ ಒಂದು ಶಬ್ದದ ಮೇಲೆ ಒಬ್ಬನ ಪ್ರಾಣವು ತೂಗುವುದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಮೊದಲು ಹೆಸರನ್ನೇ ನೋಡೋಣ. ಈ ಸಸ್ಯವು ಜೆರುಸಲೇಮಿನದಲ್ಲ, ಪಲ್ಲೆಹೂವೂ ಅಲ್ಲ. ಇದು ಉತ್ತರ ಅಮೆರಿಕದ ಸಸ್ಯ, ನಮ್ಮ ಎರೆಹೊಲಗಳಲ್ಲಿ ಬೆಳೆಯುವ ಸೂರ್ಯಕಾಂತಿಯ ಒಡಹುಟ್ಟು. ಸಸ್ಯಶಾಸ್ತ್ರಜ್ಞರು ಇದನ್ನು ‘ಹೀಲಿಯಾಂಥಸ್ ಟ್ಯೂಬರೋಸಸ್’ ಎಂದು ಕರೆಯುವರು. ಗ್ರೀಕಿನ ‘ಹೀಲಿಯೋಸ್’ ಎಂದರೆ ಸೂರ್ಯ, ‘ಆಂಥೋಸ್’ ಎಂದರೆ ಹೂ. ಲ್ಯಾಟಿನ್ನಿನ ‘ಟ್ಯೂಬರ್’ ಎಂದರೆ ಗೆಡ್ಡೆ. ಫ್ರೆಂಚ್ ನಾವಿಕನಾದ ಶಾಂಪ್ಲೇನನು ೧೬೦೫ರಲ್ಲಿ ಅಮೆರಿಕದ ಪೂರ್ವತೀರದ ಮೂಲನಿವಾಸಿಗಳ ತೋಟಗಳಲ್ಲಿ ಈ ಗೆಡ್ಡೆಯನ್ನು ಕಂಡು, ಇದರ ರುಚಿಯು ಆರ್ಟಿಚೋಕಿನಂತಿರುವುದೆಂದು ಬರೆದನು. ಒಂದು ಉಪಮಾನವು ಹೀಗೆ ಹೆಸರಾಯಿತು. ಯೂರೋಪಿಗೆ ಬಂದ ಮೇಲೆ ಇಟಲಿಯವರು ಸೂರ್ಯಕಾಂತಿಯ ಜಾತಿಯದೆಂದು ಇದನ್ನು ‘ಜಿರಸೋಲೆ’ ಎಂದರು. ಸೂರ್ಯನ ಕಡೆಗೆ ತಿರುಗುವುದು ಎಂದು ಅದರ ಅರ್ಥ. ಆ ಮಾತು ಇಂಗ್ಲಿಷರ ಬಾಯಲ್ಲಿ ‘ಜೆರುಸಲೇಮ್’ ಆಯಿತೆಂಬುದು ಹೆಚ್ಚಿನವರ ಮತ. ಹಾಲೆಂಡಿನ ಟೆರ್ನ್ಯೂಜನ್ ಎಂಬ ಊರಿನ ಹೆಸರೇ ಹಾಗೆ ಕೆಟ್ಟಿತೆಂದು ಹೇಳುವವರೂ ಇದ್ದಾರೆ. ಯಾವ ಪಕ್ಷವನ್ನು ಹಿಡಿದರೂ ಪುಣ್ಯಭೂಮಿಗೆ ಇಲ್ಲಿ ಪ್ರವೇಶವಿಲ್ಲ.

ಫ್ರೆಂಚರ ಕಥೆಯು ಇನ್ನೂ ವಿನೋದವಾಗಿದೆ. ೧೬೧೩ರಲ್ಲಿ ಬ್ರೆಜಿಲ್ ದೇಶದ ತುಪಿನಂಬಾ ಜನರಲ್ಲಿ ಕೆಲವರನ್ನು ಪ್ಯಾರಿಸಿಗೆ ಕರೆತಂದು ಪ್ರದರ್ಶಿಸಿದರು. ಹೊಸತೆಲ್ಲಕ್ಕೂ ಆಗ ಅವರ ಹೆಸರೇ ನಾಲಗೆಯ ತುದಿಯಲ್ಲಿ ಇದ್ದಿತಾಗಿ, ಬ್ರೆಜಿಲಿಗೂ ತನಗೂ ಯಾವ ಸಂಬಂಧವೂ ಇಲ್ಲದ ಈ ಗೆಡ್ಡೆಯು ‘ಟೋಪಿನಾಂಬೂರ್’ ಆಯಿತು. ‘ಆರ್ಟಿಚೋಕ್’ ಶಬ್ದವಾದರೋ ಅರಬ್ಬಿಯ ‘ಅಲ್-ಖರ್ಶೂಫ್’ ಎಂಬುದು ಸ್ಪೇನ್ ಇಟಲಿಗಳನ್ನು ಹಾಯ್ದು ಪಡೆದ ರೂಪ. ಅದು ಹಿಂದಿಗೆ ಬಂದಾಗ ಅಲ್ಲಿಯವರಿಗೆ ಅದರಲ್ಲಿ ಆನೆಯು ಕೇಳಿಸಿ ‘ಹಾಥೀಚೋಕ್’ ಎಂದರು. ಇವುಗಳನ್ನು ಕಂಡು ನಗಬೇಕಾಗಿಲ್ಲ. ಪರಿಚಯವಿಲ್ಲದ ಶಬ್ದದಲ್ಲಿ ಪರಿಚಿತವಾದುದನ್ನು ಕೇಳುವುದು ಎಲ್ಲ ಭಾಷೆಗಳ ಸ್ವಭಾವ. ಜನರ ಬಾಯಲ್ಲಿ ತಾನಾಗಿ ಆದುದು ಬೇರೆ; ಲೇಖಕನು ಮೇಜಿನ ಮುಂದೆ ಕುಳಿತು ಬುದ್ಧಿಪೂರ್ವಕವಾಗಿ ಮಾಡುವುದು ಬೇರೆ.

ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢವೆಂದು ನಮ್ಮ ಶಾಸ್ತ್ರಕಾರರು ವಿಂಗಡಿಸಿರುವುದು ಉಪಾಧ್ಯಾಯವರ್ಗದ ವಾಚಕರಿಗೆ ತಿಳಿದುದೇ. ‘ಪಾಚಕ’ ಎಂಬುದು ಯೌಗಿಕ. ಅಡಿಗೆ ಮಾಡುವವನು ಎಂದು ಅವಯವಗಳಿಂದಲೇ ಅರ್ಥವಾಗುವುದು. ‘ಪಂಕಜ’ವು ಯೋಗರೂಢ, ಕೆಸರಿನಲ್ಲಿ ಹುಟ್ಟಿದುದೆಂಬ ಅರ್ಥವೂ ಉಂಟು, ತಾವರೆಯೆಂಬ ರೂಢಿಯೂ ಉಂಟು. ‘ಮಂಡಪ’ದಲ್ಲಿ ಅವಯವಾರ್ಥವನ್ನು ಹಿಡಿದರೆ ಗಂಜಿಯನ್ನು ಕುಡಿಯುವವನು ಎಂದಾಗುವುದು; ಮದುವೆಗೆ ಮಂಡಪವನ್ನು ಹಾಕಿಸುವವರಾರೂ ಆ ಅರ್ಥವನ್ನು ಎಣಿಸುವುದಿಲ್ಲ. ಈಗ ಯಾರಾದರೂ ‘ಮಂಡಪ’ವನ್ನು ಬೇರೊಂದು ಭಾಷೆಗೆ ತರುವಾಗ ‘ಗಂಜಿಗುಡುಕ’ ಎಂದು ಪರಿವರ್ತಿಸಿದರೆ ಹೇಗಿರುವುದೋ ‘ಜೆರುಸಲೇಮಿನ ಪಲ್ಲೆಹೂವು’ ಎಂಬುದು ಹಾಗೆಯೇ ಇದೆ. ಇಂಗ್ಲಿಷಿನಲ್ಲಿ ಅದು ಶುದ್ಧ ರೂಢಶಬ್ದ; ಇಂಗ್ಲಿಷರಿಗೆ ಅದರಿಂದ ಮೋಸವಿಲ್ಲ. ರೂಢಶಬ್ದವನ್ನು ಅವಯವಗಳಾಗಿ ಒಡೆದು ಭಾಷಾಂತರಿಸಿದೊಡನೆ ಅದು ಯೌಗಿಕವಾಗಿ, ಮೂಲದಲ್ಲಿ ಸುಪ್ತವಾಗಿದ್ದ ಎರಡು ತಪ್ಪುಗಳೂ ಕನ್ನಡದಲ್ಲಿ ಎಚ್ಚತ್ತು ನಿಂತುವು. ಓದಿದವನು ಊರನ್ನು ಹುಡುಕಿಕೊಂಡು ಜೆರುಸಲೇಮಿಗೂ, ಹೂವನ್ನು ಹುಡುಕಿಕೊಂಡು ಕಾಯಿಪಲ್ಲೆಯ ಅಂಗಡಿಗೂ ಹೋಗುವನು. ಪತ್ರದ ಲೇಖಕರು ಪುಣ್ಯಭೂಮಿಯ ಕಥೆಯನ್ನು ಕಟ್ಟಿದುದು ದುರುದ್ದೇಶದಿಂದಲ್ಲವೆಂದೇ ನಾನು ಭಾವಿಸುತ್ತೇನೆ. ಅವರು ತಾವು ಮಾಡಿದ ಹೆಸರನ್ನು ತಾವೇ ನಂಬಿದರು.

ಹಾಗಾದರೆ ಏನೆನ್ನಬೇಕು? ಇಲ್ಲಿ ಸ್ವಲ್ಪ ನಿಲ್ಲುವುದು ಆವಶ್ಯಕ. ‘ಸೂರ್ಯಕಾಂತಿಗೆಡ್ಡೆ’ ಎಂದು ಹೇಳಬಹುದೆಂದು ಮೊದಲು ನನಗೆ ತೋರಿತು. ಆದರೆ ತತ್ಪುರುಷದಲ್ಲಿ ಉತ್ತರಪದವು ಪ್ರಧಾನ. ‘ಸೂರ್ಯಕಾಂತಿಗೆಡ್ಡೆ’ ಎಂದರೆ ಸೂರ್ಯಕಾಂತಿಯ ಗೆಡ್ಡೆಯೆಂದಾಗುವುದು. ಮುಂಡರಗಿಯ ಒಕ್ಕಲಿಗನು ತನ್ನ ಹೊಲದ ಗಿಡವನ್ನು ಕಿತ್ತು ನೋಡಿ, ಬುಡದಲ್ಲಿ ಬೇರಲ್ಲದೆ ಮತ್ತೇನೂ ಇಲ್ಲವೆಂದು ನಮ್ಮನ್ನು ನಗುವನು. ಅವನು ನಗುವುದು ಸರಿಯೇ. ಪದಗಳನ್ನು ಹಿಂದುಮುಂದು ಮಾಡಿ ‘ಗೆಡ್ಡೆಸೂರ್ಯಕಾಂತಿ’ ಎಂದರೆ ಗೆಡ್ಡೆಯುಳ್ಳ ಒಂದು ಬಗೆಯ ಸೂರ್ಯಕಾಂತಿಯೆಂದು ಸರಿಯಾಗಿ ಅರ್ಥವಾಗುವುದು. ಮರದಂತೆ ನಿಲ್ಲುವ ಗೆಣಸನ್ನು ಜನರು ‘ಮರಗೆಣಸು’ ಎಂದುದೂ ಇದೇ ಕ್ರಮದಿಂದ. ನಮ್ಮ ಸೀಮೆಯಲ್ಲಿ ಸೂರ್ಯಕಾಂತಿಗೆ ‘ಸೂರ್ಯಪಾನ’ ಎಂಬ ಇನ್ನೊಂದು ಸೊಗಸಾದ ಹೆಸರು ಬಳಕೆಯಲ್ಲಿದೆ. ಅದನ್ನು ಹಿಡಿದು ‘ಗೆಡ್ಡೆಸೂರ್ಯಪಾನ’ ಎಂದರೂ ಆಗಬಹುದು. ಎಣ್ಣೆಯ ಸೂರ್ಯಕಾಂತಿಯು ೧೯೬೯ರಲ್ಲಿ ಸೋವಿಯತ್ ದೇಶದಿಂದ ನಮ್ಮ ನಾಡಿಗೆ ಬಂದುದು. ಪಂಡಿತರ ಸಮಿತಿಯೊಂದು ಕುಳಿತು ಚರ್ಚಿಸುವುದಕ್ಕೆ ಮುಂಚೆಯೇ ಎರೆಭೂಮಿಯ ಜನರು ಅದಕ್ಕೆ ತಮ್ಮದೊಂದು ಹೆಸರನ್ನು ಇಟ್ಟುಬಿಟ್ಟರು. ನಮ್ಮ ಹೆಸರಿಗಿಂತ ಅವರದು ಬಾಳಿತು.

ಇನ್ನು ‘ಸುವರ್ಚಲಾ’. ಇದು ನನ್ನಂತಹವರೇ ತಲೆತಗ್ಗಿಸಬೇಕಾದ ಭಾಗ. ಭಾವಪ್ರಕಾಶವೇ ಮೊದಲಾದ ನಿಘಂಟುಗಳಲ್ಲಿ ಸುವರ್ಚಲಾ, ಸೂರ್ಯಭಕ್ತಾ, ಸೂರ್ಯಾವರ್ತಾ ಎಂಬ ಪರ್ಯಾಯಗಳಿಂದ ಒಂದು ಸಸ್ಯವು ಹೇಳಲ್ಪಟ್ಟಿದೆ. ಅದು ನಾಯಿಸಾಸಿವೆಯ ಬಳಗದ್ದೋ ಮತ್ತೊಂದೋ ಎಂಬುದರಲ್ಲಿ ವೈದ್ಯರಿಗೆ ಏಕಾಭಿಪ್ರಾಯವಿಲ್ಲ. ಆದರೆ ಅದು ಸೂರ್ಯಕಾಂತಿಯಲ್ಲವೆಂಬುದರಲ್ಲಿ ಸಂಶಯವಿರಕೂಡದು. ಏಕೆಂದರೆ ಸೂರ್ಯಕಾಂತಿಯ ಕುಲವೆಲ್ಲವೂ ಅಮೆರಿಕ ಖಂಡದ್ದು. ೧೪೯೨ರಲ್ಲಿ ಕೊಲಂಬಸನು ಆ ದಾರಿಯನ್ನು ತೆರೆಯುವುದಕ್ಕೆ ಮುಂಚೆ ಅದು ಈ ಕಡೆಯ ಯಾವ ವೈದ್ಯನ ಕಣ್ಣಿಗೂ ಬಿದ್ದಿರಲಾರದು. ಭಾವಮಿಶ್ರನು ಹದಿನಾರನೆಯ ಶತಮಾನದವನಾದರೂ ಅವನು ಸಂಗ್ರಹಿಸಿದುದು ಪ್ರಾಚೀನರ ಮಾತನ್ನು. ಸುವರ್ಚಲೆಯು ಚರಕನ ಕಾಲದಿಂದಲೂ ಶಾಕಗಳಲ್ಲಿ ಒಂದೆಂದು ಪ್ರಸಿದ್ಧ. ಹೀಗಿರಲಾಗಿ, ಈಚಿನ ಕೆಲವು ವ್ಯಾಖ್ಯಾನಕಾರರು ಸೂರ್ಯನ ಹೆಸರೊಂದನ್ನೇ ಹಿಡಿದು ಈ ಶಬ್ದಗಳಿಗೆ ಸೂರ್ಯಕಾಂತಿಯೆಂದು ಅರ್ಥವನ್ನು ಬರೆದಿರುವರು. ನಾನು ಕೂಡ ಒಂದು ಕಾಲದಲ್ಲಿ ವಿದ್ಯಾರ್ಥಿಗಳಿಗೆ ಹಾಗೆಯೇ ಪಾಠ ಹೇಳಿರುವೆನು. ಶಬ್ದವು ಹೊಂದಿತು ಎಂದಮಾತ್ರಕ್ಕೆ ವಸ್ತುವು ಹೊಂದಿತು ಎಂದು ತಿಳಿದುದೇ ನಮ್ಮ ದೋಷ.

ನಮ್ಮದೆಲ್ಲವೂ ಅತಿ ಪ್ರಾಚೀನವೆಂದು ತೋರಿಸುವ ಆತುರವು ಪಂಡಿತರಿಗೆ ಮಾತ್ರವೇ ಮೀಸಲಲ್ಲ. ಸೋಮನಾಥಪುರದ ಹೊಯ್ಸಳ ದೇವಾಲಯದ ವಿಗ್ರಹಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೆಂದು ಅಮೆರಿಕದ ಇಬ್ಬರು ವಿದ್ವಾಂಸರು ೧೯೮೯ರಲ್ಲಿ ವಾದಿಸಿದರು. ಮುಸುಕಿನ ಜೋಳವೂ ಅಮೆರಿಕದ್ದೇ ಆದುದರಿಂದ ಆ ವಾದವು ನಿಂತಿದ್ದರೆ ಕೊಲಂಬಸನಿಗೆ ಇನ್ನೂರು ವರ್ಷಕ್ಕೂ ಮೊದಲೇ ನಮ್ಮವರಿಗೆ ಆ ಖಂಡದ ಸಂಪರ್ಕವಿದ್ದಿತೆಂದು ಒಪ್ಪಬೇಕಾಗುತ್ತಿತ್ತು. ೧೯೯೩ರಲ್ಲಿ ಭಾರತದ ಇಬ್ಬರು ವಿಜ್ಞಾನಿಗಳು ಅದು ತೆನೆಯಲ್ಲವೆಂದು ಕಾರಣಸಹಿತವಾಗಿ ಖಂಡಿಸಿದರು. ನಮ್ಮ ಅಭಿಮಾನಕ್ಕೆ ಹಿತವಾದ ಪಕ್ಷವನ್ನು ನಮ್ಮವರೇ ಪ್ರಮಾಣಬಲದಿಂದ ಕೈಬಿಟ್ಟರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಹಳಗನ್ನಡದ ಶಾಸ್ತ್ರಕಾರರು ಈ ವಿಷಯದಲ್ಲಿ ನಮಗಿಂತ ಎಚ್ಚರದವರೆಂದು ನನ್ನ ಅಭಿಪ್ರಾಯ. ಸುಮಾರು ೧೦೨೫ರಲ್ಲಿ ಲೋಕೋಪಕಾರವನ್ನು ಬರೆದ ಎರಡನೆಯ ಚಾವುಂಡರಾಯನೂ, ಹದಿನಾಲ್ಕನೆಯ ಶತಮಾನದಲ್ಲಿ ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ರಚಿಸಿದ ಮಂಗರಾಜನೂ, ೧೫೦೮ರಲ್ಲಿ ಸೂಪಶಾಸ್ತ್ರವನ್ನು ಹೇಳಿದ ಮೂರನೆಯ ಮಂಗರಸನೂ ಸಂಸ್ಕೃತವನ್ನು ಚೆನ್ನಾಗಿ ಬಲ್ಲವರು. ಆದರೂ ಗಿಡಮೂಲಿಕೆಯನ್ನೋ ಕಾಯಿಪಲ್ಯವನ್ನೋ ಹೇಳುವಾಗ ಜನರು ಕರೆಯುವ ದೇಶ್ಯನಾಮವನ್ನು ಅವರು ಕೈಬಿಟ್ಟವರಲ್ಲ. ವಿಷವೇರಿದವನಿಗೆ ಮೂಲಿಕೆಯನ್ನು ತರಬೇಕಾದವನು ಸಂಸ್ಕೃತವನ್ನು ಓದಿದವನಾಗಿರಬೇಕೆಂಬ ನಿಯಮವಿಲ್ಲವಷ್ಟೆ.

ಈಗ ಪತ್ರದ ಅತ್ಯಂತ ಅಪಾಯಕರವಾದ ಮಾತಿಗೆ ಬರುವೆನು. ಗೆಡ್ಡೆಸೂರ್ಯಕಾಂತಿಯಲ್ಲಿ ಇರುವುದು ‘ಇನ್ಸುಲಿನ್’ ಅಲ್ಲ, ‘ಇನುಲಿನ್’. ಕನ್ನಡ ಲಿಪಿಯಲ್ಲಿ ಇವೆರಡಕ್ಕೂ ಇರುವ ಅಂತರವು ನಕಾರದ ಕೆಳಗಿನ ಒಂದು ಸಕಾರದ ಒತ್ತು ಮಾತ್ರ. ವಸ್ತುವಿನಲ್ಲಿಯಾದರೋ ಅವಕ್ಕೆ ಯಾವ ಸಾಮ್ಯವೂ ಇಲ್ಲ. ಇನ್ಸುಲಿನ್ ಎಂಬುದು ನಮ್ಮ ದೇಹದ ಮೇದೋಜೀರಕಾಂಗವು ಸ್ರವಿಸುವ ಒಂದು ಸಸಾರಜನಕ ದ್ರವ್ಯ. ಆ ಅಂಗದಲ್ಲಿ ದ್ವೀಪಗಳಂತೆ ಚದುರಿರುವ ಕಣಸಮೂಹಗಳಿಂದ ಹುಟ್ಟುವುದಾಗಿ, ದ್ವೀಪವಾಚಕವಾದ ಲ್ಯಾಟಿನ್ನಿನ ‘ಇನ್ಸುಲಾ’ ಶಬ್ದದಿಂದ ಅದಕ್ಕೆ ಹೆಸರು ಬಂದಿತು. ಕೆನಡಾದ ಟೊರಾಂಟೊ ನಗರದಲ್ಲಿ ೧೯೨೧ರಲ್ಲಿ ಅದನ್ನು ಬೇರ್ಪಡಿಸಿ, ೧೯೨೨ರ ಜನವರಿಯಲ್ಲಿ ಮೊದಲ ರೋಗಿಗೆ ಕೊಟ್ಟರು. ತಿಂದರೆ ಅದು ಬೇಳೆಯ ಸಾರದಂತೆ ಹೊಟ್ಟೆಯಲ್ಲಿ ಜೀರ್ಣವಾಗಿಹೋಗುವುದು. ಚುಚ್ಚಿಕೊಳ್ಳಬೇಕಾಗಿರುವುದು ಅದಕ್ಕಾಗಿಯೇ. ಆದುದರಿಂದ ಗೆಡ್ಡೆಯಲ್ಲಿ ಇನ್ಸುಲಿನ್ ಇದ್ದಿತೆಂದೇ ಒಂದು ಕ್ಷಣ ಒಪ್ಪಿದರೂ ತಿಂದವನಿಗೆ ಅದರಿಂದ ಪ್ರಯೋಜನವಾಗದು.

ಇನುಲಿನ್ ಎಂಬುದು ಸಸ್ಯಗಳು ಹಿಟ್ಟಿಗೆ ಬದಲಾಗಿ ನೆಲದೊಳಗೆ ಕೂಡಿಡುವ ಒಂದು ದ್ರವ್ಯ. ಹಣ್ಣಿನ ಸಕ್ಕರೆಯ ಅಣುಗಳು ಸರಪಳಿಯಾಗಿ ಹೆಣೆದುಕೊಂಡು ಆದುದು. ಇದನ್ನು ೧೮೦೪ರಲ್ಲಿ ವ್ಯಾಲೆಂಟಿನ್ ರೋಸ್ ಎಂಬ ಜರ್ಮನ್ ರಸಾಯನಜ್ಞನು ‘ಇನುಲಾ’ ಎಂಬ ಸಸ್ಯದ ಬೇರಿನಲ್ಲಿ ಕಂಡನು. ಹೆಸರು ಬಂದುದು ಅದರಿಂದ. ಆ ಇನುಲಾ ನಮಗೆ ಅಪರಿಚಿತವಲ್ಲ. ಶ್ವಾಸ, ಕಾಸ, ಪಾರ್ಶ್ವಶೂಲಗಳಿಗೆ ಚರಕನು ಶ್ರೇಷ್ಠವೆಂದು ಹೇಳಿದ ಪುಷ್ಕರಮೂಲವು ಅದೇ ಇನುಲಾ ಕುಲದ ಹಿಮಾಲಯದ ಸಸ್ಯ. ಪುಷ್ಕರಮೂಲವು ದೊರೆಯದಿದ್ದರೆ ಕುಷ್ಠವನ್ನು ಬಳಸಬೇಕೆಂದು ಭಾವಮಿಶ್ರನ ಮತ. ಆ ಕುಷ್ಠದ ಬೇರಿನಲ್ಲಿಯೂ ಇನುಲಿನ್ ಉಂಟು. ಕುಷ್ಠವೆಂಬ ನಮ್ಮ ಶಬ್ದವೇ ವರ್ತಕರೊಡನೆ ಪಶ್ಚಿಮಕ್ಕೆ ಹೋಗಿ ಗ್ರೀಕಿನಲ್ಲಿ ‘ಕೋಸ್ಟೋಸ್’, ಲ್ಯಾಟಿನ್ನಿನಲ್ಲಿ ‘ಕೋಸ್ಟಸ್’ ಆಯಿತು. ಮುಂದೆ ಸಸ್ಯಶಾಸ್ತ್ರಜ್ಞರು ಆ ಹೆಸರನ್ನು ಬೇರೊಂದು ಕುಲಕ್ಕೆ ಕೊಟ್ಟರು. ಈಗ ನಮ್ಮ ಹಿತ್ತಿಲುಗಳಲ್ಲಿ ‘ಇನ್ಸುಲಿನ್ ಗಿಡ’ ಎಂದು ನೆಟ್ಟು ದಿನಕ್ಕೊಂದು ಎಲೆಯನ್ನು ಅಗಿಯುವರಲ್ಲ, ಅದು ಆ ಬಳಗದ್ದು. ಅದರಲ್ಲಿಯೂ ಇನ್ಸುಲಿನ್ ಇಲ್ಲ. ಹೀಗೆ ಇನುಲಿನ್ ಇರುವ ಕುಷ್ಠದ ಹೆಸರು ಇನ್ನೊಂದು ಗಿಡಕ್ಕೂ, ಆ ಗಿಡಕ್ಕೆ ಇನ್ಸುಲಿನ್ನಿನ ಹೆಸರೂ, ಇನುಲಿನ್ನಿನ ಗೆಡ್ಡೆಗೆ ಇನ್ಸುಲಿನ್ನಿನ ಮಹಿಮೆಯೂ ಅಂಟಿಕೊಂಡು ಗಂಟು ಬಿಗಿದಿದೆ.

ಪತ್ರದ ಮಾತು ಪೂರ್ತಿಯಾಗಿ ನಿರಾಧಾರವೇ? ಅಲ್ಲ, ಇದನ್ನು ಹೇಳದಿದ್ದರೆ ನಾನೂ ಪಕ್ಷಪಾತಿಯಾಗುವೆನು. ಮನುಷ್ಯನ ಜಠರದ ರಸಗಳು ಇನುಲಿನ್ ಸರಪಳಿಯನ್ನು ಮುರಿಯಲಾರವು. ಅದು ದೊಡ್ಡ ಕರುಳಿನವರೆಗೆ ಹಾಗೆಯೇ ಇಳಿದು, ಅಲ್ಲಿರುವ ಹಿತಕರವಾದ ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು. ಆದುದರಿಂದ ಅಷ್ಟೇ ತೂಕದ ಬಟಾಟೆಯನ್ನು ತಿಂದಾಗ ಏರುವಂತೆ ರಕ್ತದ ಸಕ್ಕರೆಯು ಇದರಿಂದ ಏರದು. ಮಧುಮೇಹಿಗೆ ಇದು ಪಥ್ಯವಾಗಬಹುದೆಂದರೆ ಒಪ್ಪತಕ್ಕ ಮಾತು. ಪಥ್ಯವು ಬೇರೆ, ಔಷಧವು ಬೇರೆ. ಈ ಭೇದವನ್ನು ಆಯುರ್ವೇದವನ್ನು ಓದಿದವನಿಗೆ ಹೇಳಿಕೊಡಬೇಕಾಗಿಲ್ಲ. ಸೂಕ್ಷ್ಮಜೀವಿಗಳು ಉಂಡುದರ ಫಲವಾಗಿ ಹೊಟ್ಟೆಯಲ್ಲಿ ವಾಯುವೂ ಹುಟ್ಟುವುದು. ಹದಿನೇಳನೆಯ ಶತಮಾನದ ಇಂಗ್ಲಿಷರೇ ಇದನ್ನು ತಿಂದು ಹೊಟ್ಟೆಯುಬ್ಬರವೆಂದು ದೂರಿರುವರು. ನಮ್ಮ ಪತ್ರದಲ್ಲಿ ಆ ಸುದ್ದಿಯೇ ಇಲ್ಲ.

ಪ್ರಮಾಣದ ವಿಷಯದಲ್ಲಿಯೂ ಹೀಗೆಯೇ. ದಿನಕ್ಕೆ ೧೨ ಗ್ರಾಂ ಇನುಲಿನ್ ಸೇವಿಸಿದರೆ ಮಲವಿಸರ್ಜನೆಯು ಸುಗಮವಾಗುವುದೆಂಬ ಮಾತನ್ನು ಯೂರೋಪಿನ ಆಹಾರಸುರಕ್ಷಾ ಸಂಸ್ಥೆಯವರು ೨೦೧೫ರಲ್ಲಿ ಒಪ್ಪಿರುವರು. ಅದು ಚಿಕೋರಿಯ ಬೇರಿನಿಂದ ತೆಗೆದ ಇನುಲಿನ್ನಿಗೆ ಸಂಬಂಧಿಸಿದುದು. ಗೆಡ್ಡೆಸೂರ್ಯಕಾಂತಿಯಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು ನೀರು. ಉಳಿದುದರಲ್ಲಿ ಹೆಚ್ಚಿನದು ಇನುಲಿನ್. ಆದರೆ ಕಿತ್ತು ಶೈತ್ಯದಲ್ಲಿ ಇಟ್ಟ ಗೆಡ್ಡೆಯೊಳಗೆ ಸರಪಳಿಗಳು ತುಂಡಾಗುತ್ತ, ಸಿಹಿಯು ಹೆಚ್ಚುತ್ತ ಹೋಗುವುದು. ಎಂದು ಕಿತ್ತದ್ದು, ಎಷ್ಟು ದಿನ ಇಟ್ಟದ್ದು ಎಂಬುದನ್ನು ಹೇಳದೆ ‘ಇದರಲ್ಲಿ ಇಷ್ಟಿದೆ’ ಎಂದರೆ ಅರ್ಥವಿಲ್ಲ. ಅದಂತಿರಲಿ, ಇನುಲಿನ್ನಿಗಾಗಿ ಅಮೆರಿಕಕ್ಕೆ ಹೋಗಬೇಕಾದ ಆವಶ್ಯಕತೆಯೂ ನಮಗಿಲ್ಲ. ಗದಗ ಸೀಮೆಯಲ್ಲಿ ಚೀಲಗಟ್ಟಲೆ ಬೆಳೆಯುವ ಉಳ್ಳಾಗಡ್ಡಿಯಲ್ಲಿ, ಬೆಳ್ಳುಳ್ಳಿಯಲ್ಲಿ, ಹಲವು ಮಕ್ಕಳ ತಾಯಿಯೆಂದು ನಾವು ಕರೆಯುವ ಶತಾವರಿಯ ಬೇರಿನಲ್ಲಿ ಇದೇ ಬಳಗದ ಸರಪಳಿಗಳು ಇವೆ. ಉಪಾಧ್ಯಾಯರ ಮನೆಯ ಅಟ್ಟದಲ್ಲಿಯೇ ಎರಡು ಚೀಲ ಉಳ್ಳಾಗಡ್ಡಿ ಇದ್ದುವು.

ಆಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ಶಾಂಪ್ಲೇನನಿಗೆ ರುಚಿಯಲ್ಲಿ ಸಾಮ್ಯವು ತೋರಿದ ನಿಜವಾದ ಆರ್ಟಿಚೋಕಿನಲ್ಲಿಯೂ ಇನುಲಿನ್ ಉಂಟು. ಕುಟುಂಬವೂ ಎರಡಕ್ಕೂ ಒಂದೇ. ಹೆಸರಿಟ್ಟವನು ತಪ್ಪಿದರೂ ಅವನ ನಾಲಗೆಯು ತಪ್ಪಲಿಲ್ಲ.

ಸಂಶೋಧಕರು ಕಂಡ ಇತರ ಉಪಯೋಗಗಳನ್ನು ಸಂಕ್ಷೇಪವಾಗಿ ಹೇಳುವೆನು. ಇದರ ಕಾಂಡವೂ ಎಲೆಯೂ ದನಗಳಿಗೆ ಮೇವು. ಗೆಡ್ಡೆಯ ಇನುಲಿನ್ನನ್ನು ಒಡೆದು ಹಣ್ಣಿನ ಸಕ್ಕರೆಯನ್ನೂ, ಹುದುಗಿಸಿ ಇಂಧನಕ್ಕಾಗುವ ಮದ್ಯಸಾರವನ್ನೂ ಪಡೆಯಬಹುದು. ಜರ್ಮನಿಯ ಬಾಡೆನ್ ಸೀಮೆಯಲ್ಲಿ ಇದರಿಂದ ಮದ್ಯವನ್ನು ಬಟ್ಟಿಯಿಳಿಸುವರು. ಎರಡನೆಯ ಮಹಾಯುದ್ಧದಲ್ಲಿ ಬಟಾಟೆಯು ಸೈನ್ಯದ ಪಾಲಾದಾಗ ಫ್ರಾನ್ಸಿನ ಬಡವರು ಇದನ್ನು ತಿಂದು ಬದುಕಿದರು. ಆ ತಲೆಮಾರಿನವರಲ್ಲಿ ಬಹುಮಂದಿ ಮತ್ತೆ ಇದರ ಮುಖವನ್ನು ನೋಡಲಿಲ್ಲವಂತೆ. ನಮಗೆ ಹತ್ತಿರವಾದ ಉಪಯೋಗವು ಬೇರೆ. ಎಣ್ಣೆಯ ಸೂರ್ಯಕಾಂತಿಗೆ ರೋಗನಿರೋಧಶಕ್ತಿಯನ್ನು ತರಲು ತಳಿಶಾಸ್ತ್ರಜ್ಞರು ಈ ಕಾಡುಬಂಧುವನ್ನು ಅದರೊಡನೆ ಸಂಕರಗೊಳಿಸುವರು. ಎಣ್ಣೆಯ ಸೂರ್ಯಕಾಂತಿಯಲ್ಲಿ ವರ್ಣತಂತುಗಳು ೩೪. ಇದರಲ್ಲಿ ಅದರ ಮೂರು ಪಟ್ಟು, ೧೦೨. ಭಾರತದ ಮೊದಲ ಸಂಕರ ಸೂರ್ಯಕಾಂತಿಯು ೧೯೮೦ರಲ್ಲಿ ಹೊರಬಿದ್ದುದು ನಮ್ಮ ಬೆಂಗಳೂರಿನ ಕೃಷಿವಿಶ್ವವಿದ್ಯಾನಿಲಯದಿಂದಲೇ. ಮುಂಡರಗಿಯ ರೈತನಿಗೆ ಗೆಡ್ಡೆಸೂರ್ಯಕಾಂತಿಯಿಂದ ಉಪಕಾರವಾಗುವುದಾದರೆ ಅದು ತಟ್ಟೆಯ ಮೂಲಕವಾಗಿ ಅಲ್ಲ, ಬೀಜದ ಮೂಲಕವಾಗಿ ಆಗುವ ಸಂಭವವೇ ಹೆಚ್ಚು.

ಕಡೆಯದಾಗಿ, ನದೀತೀರದಲ್ಲಿ ಅನಾಯಾಸವಾಗಿ ಬೆಳೆಯುವುದೆಂಬ ಮಾತು. ಯಾವ ದ್ರವ್ಯವನ್ನು ಹೇಳುವಾಗಲೂ ದೇಶಕಾಲಗಳನ್ನು ಹೇಳಬೇಕೆಂಬುದು ನಮ್ಮ ವೈದ್ಯರ ಸಂಪ್ರದಾಯ. ಈ ಸಸ್ಯವು ಶೀತದೇಶದ್ದು. ಗೆಡ್ಡೆಯ ಕಣ್ಣುಗಳು ನಿದ್ರೆಯಿಂದ ಎಚ್ಚತ್ತು ಮೊಳೆಯಬೇಕಾದರೆ ಕೆಲವು ವಾರಗಳ ಚಳಿಯು ಬೇಕು. ನಮ್ಮದು ಜಾಂಗಲದೇಶ; ಮಾಗಿಯ ಚಳಿಯು ಬೆಳಗಿನ ಜಾವಕ್ಕೆ ಮುಗಿಯುವುದು. ಸಿಪ್ಪೆಯು ತೆಳುವಾಗಿರುವುದರಿಂದ ಕಿತ್ತ ಗೆಡ್ಡೆಯು ಬಟಾಟೆಯಂತೆ ಬಾಳದೆ ಬೇಗನೆ ಸುಕ್ಕುವುದು. ಚಳಿಯುಳ್ಳ ದೇಶದಲ್ಲಿ ಇದು ಅನಾಯಾಸವಾಗಿ ಬೆಳೆಯುವುದೆಂಬುದು ನಿಜವೇ, ಅತಿಯಾಗಿಯೇ ನಿಜ: ನೆಲದಲ್ಲಿ ಉಳಿದ ಒಂದೊಂದು ತುಂಡೂ ಮತ್ತೆ ಚಿಗುರುವುದರಿಂದ ಮಧ್ಯ ಯೂರೋಪಿನ ನದೀತೀರಗಳಲ್ಲಿ ಇದು ಅಲ್ಲಿಯ ಸಸ್ಯಗಳನ್ನು ಅದುಮಿ ಹಬ್ಬಿದ ಕಳೆಯಾಗಿ ಪರಿಣಮಿಸಿದೆ. ಗುಣವೆಂದು ಪತ್ರವು ಹೇಳಿದುದನ್ನೇ ಅಲ್ಲಿಯವರು ಉಪದ್ರವವೆನ್ನುವರು. ಸಂಶೋಧನೆಯ ಅರ್ಧವನ್ನು ಮಾತ್ರ ಭಾಷಾಂತರಿಸುವುದೆಂದರೆ ಇದುವೇ.

ಇಷ್ಟನ್ನೂ ನಾನು ಅಂದೇ ಹೇಳಿದೆನೆಂದು ವಾಚಕರು ತಿಳಿಯಬಾರದು. ಅಂದು ನಾನು ಹೇಳಿದುದು ಎರಡೇ ಮಾತು: ನಿಘಂಟಿನಲ್ಲಿ ಇದು ಇಲ್ಲ, ಸೂಜಿಯನ್ನು ಬಿಡಬೇಡಿರಿ, ಉಳಿದುದನ್ನು ನಿಮ್ಮ ವೈದ್ಯರನ್ನು ಕೇಳಿರಿ ಎಂದು. ಮಿಕ್ಕುದನ್ನು ಊರಿಗೆ ಹಿಂದಿರುಗಿ ಓದಿ ತಿಳಿದೆನು. ಆ ಪತ್ರದ ಇನ್ನೂ ಹತ್ತಾರು ಪ್ರತಿಗಳು ಊರಿನಲ್ಲಿ ಇದ್ದುವಾಗಿ, ಎರಡನೆಯ ಸಾರಿ ಹೋದಾಗ ಉಪಾಧ್ಯಾಯರು ಅವುಗಳನ್ನು ಕಲೆಹಾಕಿ ಇಟ್ಟಿದ್ದರು. ಜಗುಲಿಯಲ್ಲಿ ಕುಳಿತು ಇಬ್ಬರೂ ಕೆಂಪು ಮಸಿಯಿಂದ ಒಂದೊಂದು ಪ್ರತಿಯಲ್ಲಿಯೂ ‘ಇನ್ಸುಲಿನ್’ ಎಂದಿದ್ದೆಡೆ ಸಕಾರದ ಒತ್ತನ್ನು ಹೊಡೆದೆವು. ಹೆಸರಿನ ಮೇಲೆ ‘ಗೆಡ್ಡೆಸೂರ್ಯಪಾನ’ ಎಂದು ಬರೆದವರು ಅವರು.